ಹೆದ್ದಾರಿಯ ಹೊಗೆಗೆ ಲೆಕ್ಕವುಂಟೆ?

(ಬಾನುಲಿ ಭಾಷಣ)

ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಮಹಾಕೋಶದಲ್ಲಿ ಅರಸನ ಉಪಭೋಗಗಳಿಗೆಂದೇ ಇಪ್ಪತ್ತು ಅಧ್ಯಾಯಗಳು ಮೀಸಲಾಗಿವೆ. ಸ್ನಾನ, ತಾಂಬೂಲ, ವಸ್ತ್ರ, ಅನ್ನ, ಪಾನೀಯಗಳ ಜೊತೆಗೆ ಯಾನಕ್ಕೂ ಧೂಪಕ್ಕೂ ಅಲ್ಲಿ ಎಡೆ ದೊರೆತಿದೆ. ಕಲ್ಯಾಣದ ದೊರೆಯ ದೃಷ್ಟಿಯಲ್ಲಿ ವಾಹನವೂ ಒಂದು ಸುಖ, ಹೊಗೆಯೂ ಒಂದು ಸುಖ. ಒಂದು ಏರಿ ಹೋಗುವುದಕ್ಕೆ, ಇನ್ನೊಂದು ಮೂಸಿ ನಲಿಯುವುದಕ್ಕೆ. ಸುಮಾರು ಒಂಬೈನೂರು ವರ್ಷಗಳ ತರುವಾಯ ಅದೇ ಕಲ್ಯಾಣದ ಹಾದಿಯಲ್ಲಿ ಯಾನವೂ ಹೊಗೆಯೂ ಜೊತೆಗೂಡಿಯೇ ಸಾಗುತ್ತಿವೆ. ಆದರೆ ಈ ಹೊಗೆಯನ್ನು ಉಪಭೋಗಗಳ ಸಾಲಿಗೆ ಸೇರಿಸುವ ಧೈರ್ಯ ಇಂದು ಯಾರಿಗೂ ಇರಲಾರದು.

ಬಸವಕಲ್ಯಾಣ ಮತ್ತು ಹುಮನಾಬಾದ ಎಂಬ ಎರಡು ಊರುಗಳನ್ನು ಎದುರಿಗಿಟ್ಟುಕೊಂಡು, ಮೋಟಾರು ವಾಹನಗಳ ಹೊಗೆಯನ್ನು ಅಳೆಯುವ ವಿದ್ಯೆ ನಮ್ಮ ದೇಶದಲ್ಲಿ ಬೆಳೆದುಬಂದ ಬಗೆಯನ್ನು ನಾನು ಇಲ್ಲಿ ಸ್ವಲ್ಪಮಟ್ಟಿಗೆ ವಿವರಿಸಬೇಕೆಂದಿದ್ದೇನೆ. ಈ ವಿಷಯಕ್ಕೆ ದಿಲ್ಲಿಯನ್ನೋ ಬೆಂಗಳೂರನ್ನೋ ಆರಿಸಿಕೊಳ್ಳುವುದು ವಾಡಿಕೆ. ಬೀದರ ಜಿಲ್ಲೆಯ ಎರಡು ತಾಲ್ಲೂಕು ಊರುಗಳಿಗೂ ವಾಯುಮಾಲಿನ್ಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಆ ಪ್ರಶ್ನೆಯೇ ನನ್ನ ಮಾತಿನ ಕೇಂದ್ರ.

ಮೊದಲು ಹಾದಿಯ ಮಾತು. ಪುಣೆಯಿಂದ ಸೊಲ್ಲಾಪುರದ ಮೇಲೆ ಹಾಯ್ದು ಹೈದರಾಬಾದಿಗೂ ಅಲ್ಲಿಂದ ಮಚಲೀಪಟ್ಟಣದ ಕಡಲತೀರಕ್ಕೂ ಹೋಗುವ ಹೆದ್ದಾರಿಯೊಂದಿದೆ. ಬಹುಕಾಲ ಅದಕ್ಕೆ 9ನೆಯ ರಾಷ್ಟ್ರೀಯ ಹೆದ್ದಾರಿಯೆಂಬ ಹೆಸರಿತ್ತು. ಈಗ ಅದು 65ನೆಯದು. ಮಹಾರಾಷ್ಟ್ರದ ಉಮರ್ಗಾ ದಾಟಿದ ಮೇಲೆ ಅದು ಕರ್ನಾಟಕದ ನೆಲವನ್ನು ಪ್ರವೇಶಿಸುತ್ತದೆ. ಬಸವಕಲ್ಯಾಣಕ್ಕೆ ಹೊರಳುವ ಸಸ್ತಾಪುರ, ಮುಂದೆ ರಾಜೇಶ್ವರ, ಅನಂತರ ಹುಮನಾಬಾದ. ಹೀಗೆ ಬೀದರ ಜಿಲ್ಲೆಯನ್ನು ಅಡ್ಡಲಾಗಿ ಸೀಳಿ, ತೆಲಂಗಾಣದ ಜಹೀರಾಬಾದಿನ ಕಡೆಗೆ ಸಾಗುತ್ತದೆ. ಬೀದರದಿಂದ ಕಲಬುರಗಿಗೂ ಅಲ್ಲಿಂದ ವಿಜಯಪುರಕ್ಕೂ ಹೋಗುವ ಇನ್ನೊಂದು ಹೆದ್ದಾರಿ ಹುಮನಾಬಾದಿನಲ್ಲಿ ಇದನ್ನು ಸಂಧಿಸುತ್ತದೆ. ಹೀಗಾಗಿ ಪಡುವಣ ಕರಾವಳಿಯ ಸರಕು ಮೂಡಣ ಕರಾವಳಿಗೆ ಹೋಗುವಾಗ, ನಾಂದೇಡದ ಸರಕು ತುಂಗಭದ್ರೆಯ ದಡಕ್ಕೆ ಇಳಿಯುವಾಗ, ಹುಮನಾಬಾದವನ್ನು ಮುಟ್ಟದೆ ಹೋಗುವುದು ಕಷ್ಟ.

ಈ ದಾರಿ ಹೊಸದೇನೂ ಅಲ್ಲ. ಹನ್ನೊಂದನೆಯ ಶತಮಾನದ ನಡುವೆ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡ ಮೇಲೆ ನಾಡಿನ ನಾನಾ ದಿಕ್ಕುಗಳಿಂದ ಹಾದಿಗಳು ಇತ್ತ ತಿರುಗಿದವು. ಬಸವಣ್ಣನವರು ಮಂಗಳವೇಢೆಯಿಂದ ಬಂದದ್ದೂ ಸಿದ್ಧರಾಮರು ಸೊನ್ನಲಿಗೆಯಿಂದ ಬಂದದ್ದೂ ಇದೇ ದಿಕ್ಕಿನ ದಾರಿಯಲ್ಲಿ. ವ್ಯಾಪಾರಿಗಳ ಎತ್ತಿನ ಹೇರುಗಳೂ ಬಂಡಿಗಳೂ ಇಲ್ಲಿ ನಡೆದವು. ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಕಾಲದ ಆಡಳಿತವು ಹಾದಿಯಲ್ಲಿ ಹೋಗುವುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರು ಚಾಲುಕ್ಯರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದು ಹೇರಿಗೆ ಎಷ್ಟು, ಒಂದು ಬಂಡಿಗೆ ಎಷ್ಟು ಎಂಬುದು ಗೊತ್ತುಪಾಡಾಗಿತ್ತು. ಆ ಸುಂಕದ ಆದಾಯದಲ್ಲಿ ಒಂದು ಪಾಲನ್ನು ದೇವಾಲಯಕ್ಕೋ ಕೆರೆಗೋ ಬಿಟ್ಟುಕೊಟ್ಟರೆ ಅದನ್ನು ಕಲ್ಲಿನಲ್ಲಿ ಕೊರೆಸಿ ಊರ ಮುಂದೆ ನಿಲ್ಲಿಸುತ್ತಿದ್ದರು. ಬಸವಣ್ಣನವರು ಮೊದಲು ಕರಣಿಕರು, ಬಳಿಕ ಬಿಜ್ಜಳನ ಭಂಡಾರಿಗಳು ಎಂಬುದು ನಮ್ಮ ಪರಂಪರೆ ಉಳಿಸಿಕೊಂಡು ಬಂದ ಮಾತು. ಶರಣರ ಬಳಗದಲ್ಲಿ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಸುಂಕದ ಬಂಕಣ್ಣನೆಂಬ ವಚನಕಾರನೂ ಇದ್ದಾನೆ. ಲೆಕ್ಕವಿಡುವುದು ಕಲ್ಯಾಣಕ್ಕೆ ಹೊಸ ವಿದ್ಯೆಯಲ್ಲ; ಲೆಕ್ಕದಲ್ಲಿ ಧರ್ಮವಿದೆಯೆಂದು ತಿಳಿದ ಊರು ಅದು.

ಇಂದಿಗೂ ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ಲೆಕ್ಕ ನಿಂತಿಲ್ಲ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲಂತೂ ವಾಹನ ನಿಲ್ಲುವ ಮೊದಲೇ ಅದರ ಜಾತಿ, ಅಚ್ಚುಗಳ ಸಂಖ್ಯೆ, ಕೊಡಬೇಕಾದ ಹಣ ಎಲ್ಲವೂ ಯಂತ್ರದಲ್ಲಿ ದಾಖಲಾಗುತ್ತದೆ. ಎಷ್ಟು ಲಾರಿಗಳು ಹೋದವೆಂಬುದಕ್ಕೆ ಲೆಕ್ಕವುಂಟು. ಅವು ಬಿಟ್ಟುಹೋದ ಹೊಗೆಗೆ?

ಮೋಟಾರು ನಮ್ಮ ಕಡೆಗೆ ಬಂದ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕು. ಬೀದರ ಜಿಲ್ಲೆ ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1932ರಲ್ಲಿ ನಿಜಾಮರ ಸರಕಾರವು ತನ್ನ ರೈಲ್ವೆ ಇಲಾಖೆಯ ಆಶ್ರಯದಲ್ಲಿ 27 ಬಸ್ಸುಗಳೊಂದಿಗೆ ಸಾರಿಗೆ ವಿಭಾಗವೊಂದನ್ನು ಆರಂಭಿಸಿತು. ಸ್ಕಾಟ್ಲೆಂಡಿನ ಆಲ್ಬಿಯನ್ ಕಂಪನಿಯ ಬಸ್ಸುಗಳು ಆ ಕಾಲದಲ್ಲಿ ಹೈದರಾಬಾದಿನ ರಸ್ತೆಗಳ ಸೋಜಿಗಗಳಾಗಿದ್ದವು. ಜಿಲ್ಲೆಯ ಊರುಗಳಿಗೆ ‘ಮೋಟಾರು’ ಬಂದದ್ದು ಒಂದು ದೊಡ್ಡ ಬಿಡುಗಡೆ. ಎರಡು ದಿನದ ಬಂಡಿಯ ಹಾದಿ ಅರ್ಧ ದಿನದ್ದಾಯಿತು. ಮೋಟಾರಿನ ಹಿಂದೆ ಎದ್ದ ಧೂಳನ್ನೂ ಹೊಗೆಯನ್ನೂ ಆಗ ಯಾರೂ ಕೇಡೆಂದು ಬಗೆಯಲಿಲ್ಲ. ಬಗೆಯಬೇಕಾದಷ್ಟು ಮೋಟಾರುಗಳೂ ಇರಲಿಲ್ಲವೆನ್ನಿ.

1954ರಲ್ಲಿ ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಯಿಂದ ಜರ್ಮನಿಯ ಮರ್ಸಿಡೀಸ್ ಬೆಂಜ್ ಕಂಪನಿಯ ಸಹಯೋಗದ ಡೀಸೆಲ್ ಲಾರಿಗಳು ಹೊರಬರತೊಡಗಿದ ಮೇಲೆ ಚಿತ್ರ ಬದಲಾಯಿತು. ಎರಡು ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಬಸವಕಲ್ಯಾಣಕ್ಕೆ ರೈಲು ಬರಲಿಲ್ಲ. ಹುಮನಾಬಾದದ ಮೂಲಕ ಹೋಗುವ ಬೀದರ–ಕಲಬುರಗಿ ರೈಲುಮಾರ್ಗ ಪೂರ್ಣವಾಗಿ ಲೋಕಾರ್ಪಣೆಯಾದದ್ದು 2017ರ ಅಕ್ಟೋಬರಿನಲ್ಲಿ. ನಡುವಿನ ಅರುವತ್ತು ವರ್ಷಗಳ ಕಾಲ ತೊಗರಿ, ಜೋಳ, ಕಬ್ಬು, ಸಿಮೆಂಟು, ಕಬ್ಬಿಣ ಎಲ್ಲವನ್ನೂ ಹೊತ್ತದ್ದು ಲಾರಿಯೇ. ಅದು ಹೊತ್ತದ್ದಷ್ಟೇ ಅಲ್ಲ, ಊಟವನ್ನೂ ಕೊಟ್ಟಿತು. ಬಸವಕಲ್ಯಾಣದಲ್ಲಿ ಲಾರಿಯ ಮಾಲೀಕರು, ಚಾಲಕರು, ಕ್ಲೀನರುಗಳು, ಬಾಡಿ ಕಟ್ಟುವವರು, ಪಟ್ಟಿ ಕೂಡಿಸುವವರು, ವೆಲ್ಡಿಂಗು ಮಾಡುವವರು, ಟೈರಿನವರು ಹೀಗೆ ಒಂದು ಲೋಕವೇ ಬೆಳೆಯಿತು. ಅಲ್ಲಿಯ ಆಟೋನಗರಕ್ಕೆ ಹೋದವರಿಗೆ ಅದರ ಅರಿವಾಗುತ್ತದೆ. ಆದುದರಿಂದ ಲಾರಿಯ ಹೊಗೆಯ ಮಾತನ್ನು ಎತ್ತುವಾಗ ಲಾರಿಯನ್ನು ಶತ್ರುವೆಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಕಡೆಯವರಿಗೆ ಸಾಧ್ಯವಿಲ್ಲ. ಅನ್ನವೂ ಹೊಗೆಯೂ ಇಲ್ಲಿ ಒಂದೇ ಒಲೆಯವು.

ಈ ಹೊಗೆಯ ಸ್ವರೂಪವೇನು? ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಸಾಲದೆ ಇಂಧನ ಅರೆಬೆಂದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಸುಡದೆ ಉಳಿದ ಹೈಡ್ರೋಕಾರ್ಬನ್ನುಗಳೂ ಹೊರಬರುತ್ತವೆ. ಇವಕ್ಕೆ ಬಣ್ಣವಿಲ್ಲ. ಡೀಸೆಲ್ ಎಂಜಿನ್ನಿನ ಬಗೆ ಬೇರೆ. ಅಲ್ಲಿ ಒಟ್ಟಿನಲ್ಲಿ ಗಾಳಿ ಧಾರಾಳವಾಗಿರುತ್ತದೆ, ಆದರೆ ಪಂಪಿನಿಂದ ಚಿಮ್ಮಿದ ಎಣ್ಣೆಯ ಹನಿಯ ಒಡಲಿಗೆ ಅದು ತಕ್ಕ ಸಮಯದಲ್ಲಿ ತಲುಪುವುದಿಲ್ಲ. ಹಾಗೆ ಅರೆಸುಟ್ಟ ಹನಿ ಮಸಿಯಾಗುತ್ತದೆ. ಮಿತಿಮೀರಿ ಭಾರ ಹೇರಿಕೊಂಡು ದಿಣ್ಣೆ ಹತ್ತುವ ಲಾರಿ, ಎಳೆತ ಹೆಚ್ಚಲೆಂದು ಪಂಪನ್ನು ಬಿಗಿ ಮಾಡಿಸಿಕೊಂಡ ಲಾರಿ, ಸೀಮೆಎಣ್ಣೆ ಬೆರೆತ ಇಂಧನ ಕುಡಿದ ಲಾರಿ, ಇವು ಕರಿಮೋಡವನ್ನೇ ಎಳೆದುಕೊಂಡು ಹೋಗುವುದು ಈ ಕಾರಣದಿಂದ. ಎಂಜಿನ್ನಿನ ಉರಿ ಬಿಸಿಯಾದಷ್ಟೂ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿದ್ದರೆ ಡೀಸೆಲ್ ಮಸಿಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ ಕಿರಿದು. ಮೂಗಿನ ರೋಮಕ್ಕೂ ಗಂಟಲ ಕಫಕ್ಕೂ ಸಿಕ್ಕದೆ ಅವು ಶ್ವಾಸಕೋಶದ ಕೊನೆಯ ಗೂಡಿನವರೆಗೆ ಹೋಗಿ ಕೂರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಪಟ್ಟಿಗೇ ಸೇರಿಸಿತು.

ಹೊಗೆಯನ್ನು ಅಳೆಯಬೇಕೆಂಬ ಆಲೋಚನೆ ಮೋಟಾರಿಗಿಂತ ಹಳೆಯದು. ಫ್ರಾನ್ಸಿನ ರಿಂಗಲ್‌ಮನ್ ಎಂಬ ಪ್ರಾಧ್ಯಾಪಕನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿಳಿಯಿಂದ ಕಪ್ಪಿನವರೆಗೆ ಛಾಯೆಗಳನ್ನು ಬರೆದ ಹಲಗೆಯೊಂದನ್ನು ಬಳಕೆಗೆ ತಂದನು. ದೂರದಲ್ಲಿ ನಿಂತು ಚಿಮಣಿಯ ಹೊಗೆಯನ್ನು ಈ ಛಾಯೆಗಳೊಡನೆ ಹೋಲಿಸಿ ಅದರ ಗಾಢತೆಗೆ ಅಂಕ ಕೊಡುವುದು ಕ್ರಮ. ನಮ್ಮ ದೇಶದಲ್ಲಿ 1905ರಲ್ಲಿ ಬಂಗಾಳದ ಹೊಗೆ ಉಪದ್ರವ ಕಾಯ್ದೆ ಬಂತು, 1912ರಲ್ಲಿ ಮುಂಬಯಿಯದು. ಇವೆರಡೂ ಕಲ್ಲಿದ್ದಲ ಚಿಮಣಿಗಳನ್ನು ಕುರಿತವು. 1939ರ ಮೋಟಾರು ವಾಹನ ಕಾಯ್ದೆಯು ವಾಹನ ಹೊರಹಾಕುವ ಹೊಗೆ, ಕಣ್ಣಿಗೆ ಕಾಣುವ ಆವಿ, ಕಿಡಿ, ಬೂದಿ, ಎಣ್ಣೆಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಪ್ರಾಂತ ಸರಕಾರಗಳಿಗೆ ಕೊಟ್ಟಿತು. ‘ಕಣ್ಣಿಗೆ ಕಾಣುವ’ ಎಂಬ ಮಾತನ್ನು ಗಮನಿಸಬೇಕು. ಕಾನೂನಿನ ಕೈಯಲ್ಲಿ ಆಗ ಇದ್ದ ಸಾಧನ ಕಣ್ಣು ಒಂದೇ. ಕಾಣದ ಅನಿಲವು ಕಾನೂನಿಗೂ ಕಾಣಲಿಲ್ಲ. 1950ರ ದಶಕದ ಆರಂಭದಲ್ಲಿ ಅಮೆರಿಕೆಯ ಲಾಸ್ ಏಂಜಲಿಸ್ ನಗರದಲ್ಲಿ ಹಾಗನ್-ಸ್ಮಿಟ್ ಎಂಬ ವಿಜ್ಞಾನಿ, ವಾಹನಗಳಿಂದ ಬಂದ ಹೈಡ್ರೋಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಕಣ್ಣುರಿಸುವ ಓಜೋನ್ ಆಗುವುದನ್ನು ತೋರಿಸಿಕೊಟ್ಟ ಮೇಲೆ, ಕಾಣದ ಹೊಗೆಯೂ ಹೊಗೆಯೇ ಎಂಬುದು ಲೋಕಕ್ಕೆ ಮನದಟ್ಟಾಯಿತು.

ನಮ್ಮಲ್ಲಿ ವಾಯುಮಾಲಿನ್ಯ ನಿಯಂತ್ರಣ ಕಾಯ್ದೆ ಬಂದದ್ದು 1981ರಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 1984ರಲ್ಲಿ ಆಗ್ರಾ ಮತ್ತು ಅನಪಾರಾಗಳಲ್ಲಿ ಏಳು ಕೇಂದ್ರಗಳನ್ನಿಟ್ಟು ಊರ ಗಾಳಿಯನ್ನು ಕ್ರಮವಾಗಿ ಅಳೆಯುವ ಕೆಲಸಕ್ಕೆ ತೊಡಗಿತು. ತಾಜಮಹಲಿನ ಅಮೃತಶಿಲೆಯ ಮೇಲಿನ ಕಾಳಜಿ ಆಗ ದೇಶದಲ್ಲೆಲ್ಲ ಚರ್ಚೆಯ ವಿಷಯವಾಗಿತ್ತು. ಶಿಲೆಯ ಆರೋಗ್ಯವನ್ನು ವಿಚಾರಿಸಿಕೊಂಡ ಮೇಲೆ ಶ್ವಾಸಕೋಶದ ಆರೋಗ್ಯದ ಸರದಿ ಬಂತೆಂದು ನಾವು ನಗೆಯಾಡಬಹುದು. ಆದರೆ ಆರಂಭವೆಂಬುದು ಎಲ್ಲಿಂದಲಾದರೂ ಆಗಬೇಕಷ್ಟೆ.

ವಾಹನದ ಹೊಗೆಗೆ ಅಂಕೆಯ ಮಿತಿ ಬಂದದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಿಂದ. ನಾವು ರಸ್ತೆಯ ಬದಿಯಲ್ಲಿ ಕಾಣುವ ‘ಎಮಿಷನ್ ಟೆಸ್ಟ್’ ಗೂಡಂಗಡಿಗೂ, ನಿಂತ ವ್ಯಾನುಗಳಿಗೂ ಮೂಲ ಈ ನಿಯಮವೇ. ಡೀಸೆಲ್ ವಾಹನವನ್ನು ಅಲ್ಲಿ ನಿಲ್ಲಿಸಿ, ಗೇರು ಬಿಡಿಸಿ, ಆಕ್ಸಿಲರೇಟರನ್ನು ಒಮ್ಮೆಗೇ ಒತ್ತುತ್ತಾರೆ. ಹೊಗೆಯು 43 ಸೆಂಟಿಮೀಟರು ಉದ್ದದ ಕೊಳವೆಯೊಂದನ್ನು ತುಂಬುತ್ತದೆ. ಕೊಳವೆಯ ಒಂದು ತುದಿಯಿಂದ ಬಿಟ್ಟ ಬೆಳಕು ಇನ್ನೊಂದು ತುದಿಗೆ ಎಷ್ಟು ತಲುಪಿತೆಂಬುದೇ ಅಳತೆ. ನೂರು ಪಾಲು ಬೆಳಕಿನಲ್ಲಿ 65 ಪಾಲನ್ನು ಹೊಗೆ ನುಂಗಿದರೆ ಅದಕ್ಕೆ 65 ಹಾರ್ಟ್‌ರಿಜ್ ಎನ್ನುತ್ತಾರೆ. ಹಳೆಯ ವಾಹನಗಳಿಗೆ ಅದೇ ಗಡಿ, ಹೊಸವಕ್ಕೆ ಅದಕ್ಕಿಂತ ಕಡಿಮೆ. ರಿಂಗಲ್‌ಮನ್ನನ ಹಲಗೆಯ ಕೆಲಸವನ್ನೇ ಇಲ್ಲಿ ಯಂತ್ರದ ಕಣ್ಣು ಮಾಡುತ್ತದೆಯೆನ್ನಬಹುದು.

ಈ ಪರೀಕ್ಷೆಯ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಮಿತಿಯನ್ನೂ ತಿಳಿದಿರಬೇಕು. ನಿಂತಲ್ಲೇ ನಿಂತು ಭಾರವಿಲ್ಲದೆ ಗುಡುಗುವ ಲಾರಿಗೂ ಹದಿನೈದು ಟನ್ ಹೊತ್ತು ಏರು ಹತ್ತುವ ಲಾರಿಗೂ ಅಜಗಜಾಂತರ. ಸಾರಜನಕದ ಆಕ್ಸೈಡನ್ನು ಈ ಕೊಳವೆ ಅಳೆಯುವುದೇ ಇಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಒಂದು ವಾಹನದ ಉಸಿರನ್ನು ಪರೀಕ್ಷಿಸಿ ಕಾಗದ ಕೊಡುತ್ತಾರೆಯೇ ಹೊರತು, ಅಂತಹ ಸಾವಿರಾರು ವಾಹನಗಳ ನಡುವೆ ನಿಂತ ಮನುಷ್ಯ ಏನನ್ನು ಉಸಿರಾಡಿದನೆಂಬುದು ಅದರಿಂದ ತಿಳಿಯುವುದಿಲ್ಲ. ವಾಹನವನ್ನು ಅಳೆಯುವುದು ಒಂದು, ಗಾಳಿಯನ್ನು ಅಳೆಯುವುದು ಇನ್ನೊಂದು. ನಮ್ಮ ಊರುಗಳಿಗೆ ಮೊದಲನೆಯದು ಬಂದು ಬಹಳ ವರ್ಷಗಳಾದವು.

ಗಾಳಿಯನ್ನು ಅಳೆಯುವ ಕ್ರಮ ಹೀಗಿದೆ. ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ಗಾಳಿಯೆಳೆಯುವ ಯಂತ್ರವಿರುತ್ತದೆ. ಅದು ನಿಮಿಷಕ್ಕೆ ಸುಮಾರು ಒಂದು ಘನಮೀಟರು ಗಾಳಿಯನ್ನು ಗಾಜಿನ ನಾರಿನ ಕಾಗದದ ಮೂಲಕ ಎಳೆದುಕೊಳ್ಳುತ್ತದೆ. ಮೊದಲೇ ತೂಗಿಟ್ಟ ಕಾಗದವನ್ನು ಮರಳಿ ತೂಗಿದಾಗ ಹೆಚ್ಚಾದ ತೂಕವೇ ಆ ಗಾಳಿಯ ಕಸ. ಬೆಳ್ಳಗೆ ಹೋದ ಕಾಗದ ಕಪ್ಪಾಗಿ ಬರುವುದನ್ನು ಒಮ್ಮೆ ಕಂಡವರಿಗೆ ಬೇರೆ ಉಪನ್ಯಾಸ ಬೇಡ. ಅನಿಲಗಳನ್ನು ಬೇರೆ ದ್ರಾವಣಗಳಲ್ಲಿ ಹೀರಿಸಿ ಬಣ್ಣದ ಬದಲಾವಣೆಯಿಂದ ಅಳೆಯುತ್ತಾರೆ. ವಾರಕ್ಕೆ ಎರಡು ದಿನ, ದಿನಕ್ಕೆ ಇಪ್ಪತ್ತನಾಲ್ಕು ಗಂಟೆ, ವರ್ಷಕ್ಕೆ ಒಟ್ಟು 104 ಸಲ ಹೀಗೆ ಅಳೆಯಬೇಕೆಂಬುದು ನಿಯಮ. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನಕದ ಪ್ರಕಾರ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ವಾರ್ಷಿಕ ಸರಾಸರಿ ಒಂದು ಘನಮೀಟರು ಗಾಳಿಯಲ್ಲಿ 40 ಮೈಕ್ರೋಗ್ರಾಂ ಮೀರಬಾರದು. 10 ಮೈಕ್ರಾನಿನವರೆಗಿನ ಕಣಗಳದು 60. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸಣ್ಣ ಕಣಗಳಿಗೆ ಸೂಚಿಸಿದ ಮಿತಿಯಾದರೋ 5 ಮಾತ್ರ. ದೊಡ್ಡ ನಗರಗಳಲ್ಲಿ ಈಗ ಹಗಲಿರುಳು ತಾನಾಗಿ ಅಳೆದು ಅಂಕೆಯನ್ನು ಪ್ರಕಟಿಸುವ ಯಂತ್ರಗಳಿವೆ. ಕಲಬುರಗಿಯಲ್ಲಿಯೂ ಅಂತಹ ಕೇಂದ್ರವಿದೆ.

ಈ ಎಲ್ಲದರಲ್ಲಿಯೂ ಒಂದು ಕ್ರಮ ಎದ್ದು ಕಾಣುತ್ತದೆ. ಸೀಸವಿಲ್ಲದ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು. ಇಡೀ ದೇಶಕ್ಕೆ ಬರುವಾಗ 2000 ಆಯಿತು. ಭಾರತ್ ಸ್ಟೇಜ್ ನಾಲ್ಕು ಎಂಬ ಶುದ್ಧತರ ಇಂಧನದ ಮಟ್ಟ 2010ರಲ್ಲಿ 13 ನಗರಗಳಿಗೆ ದೊರೆಯಿತು. ಉಳಿದವರು 2017ರವರೆಗೆ ಕಾದರು. ಆರನೆಯ ಮಟ್ಟದ ಇಂಧನವು 2018ರಲ್ಲಿ ದಿಲ್ಲಿಗೆ ಬಂತು, 2020ರ ಏಪ್ರಿಲಿನಿಂದ ಎಲ್ಲರಿಗೂ ಸಿಕ್ಕಿತು. ಈ ಕೊನೆಯ ಹೆಜ್ಜೆ ಸಣ್ಣದಲ್ಲ. 1990ರ ದಶಕದ ಮೊದಲಲ್ಲಿ ನಮ್ಮ ಡೀಸೆಲಿನಲ್ಲಿ ಹತ್ತು ಲಕ್ಷ ಪಾಲಿಗೆ ಹತ್ತು ಸಾವಿರ ಪಾಲಿನವರೆಗೆ ಗಂಧಕವಿರುತ್ತಿತ್ತು. ಇಂದು ಹತ್ತು ಪಾಲು. ಸಾವಿರಕ್ಕೆ ಒಂದು ಪಾಲಾಯಿತೆಂದರೆ ಅದು ನಮ್ಮ ದೇಶದ ಹೆಮ್ಮೆಯ ಸಾಧನೆಯೇ ಸರಿ. ಆದರೆ ಶುದ್ಧಿಯು ಯಾವಾಗಲೂ ಮೊದಲು ಮಹಾನಗರಕ್ಕೆ ಬರುತ್ತದೆ, ಹಳೆಯ ಲಾರಿಯು ಕೊನೆಯ ದಿನಗಳನ್ನು ಕಳೆಯಲು ಸಣ್ಣ ಊರಿಗೆ ಬರುತ್ತದೆ. ಅಳತೆಯ ಕಥೆಯೂ ಹೀಗೆಯೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದವು ನಾಲ್ಕು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಇವನ್ನು ಆರಿಸಿದ್ದು ಹೇಗೆ? ವರ್ಷಗಳ ಅಳತೆಯಲ್ಲಿ ಮಾನಕವನ್ನು ಮೀರಿದವೆಂದು. ಮೀರಿದೆಯೆಂದು ಗೊತ್ತಾಗಬೇಕಾದರೆ ಮೊದಲು ಅಳೆದಿರಬೇಕು. ಅಳೆಯದ ಊರು ಕಾಗದದ ಮೇಲೆ ನಿರ್ಮಲವಾಗಿಯೇ ಉಳಿಯುತ್ತದೆ.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಸಮಾಧಾನವೊಂದಿದೆ: ಸಣ್ಣ ಊರು, ಸುತ್ತ ಬಯಲು, ಗಾಳಿ ಬೀಸಿ ಹೊಗೆಯೆಲ್ಲ ಹಾರಿಹೋಗುತ್ತದೆ. ಬೇಸಗೆಯ ಮಧ್ಯಾಹ್ನದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಬೀದರದ ಪ್ರಸ್ಥಭೂಮಿಯ ಚಳಿಗಾಲವನ್ನು ಬಲ್ಲವರು ಬೇರೆ ಮಾತು ಹೇಳುತ್ತಾರೆ. ಮಾರ್ಗಶಿರ, ಪುಷ್ಯ ಮಾಸಗಳ ತಿಳಿ ಆಕಾಶದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ನೆಲವನ್ನು ತಾಗಿದ ಗಾಳಿ ತಂಪಾಗಿ ಕೆಳಗೆ ಕೂರುತ್ತದೆ, ಬೆಚ್ಚಗಿನ ಗಾಳಿ ಮೇಲೆ ಮುಚ್ಚಳದಂತೆ ನಿಲ್ಲುತ್ತದೆ. ಆಗ ಹೊಗೆಗೆ ಏರಿಹೋಗುವ ದಾರಿಯಿಲ್ಲ. ಸೂರ್ಯ ಮೇಲೆ ಬರುವವರೆಗೆ ಅದು ಊರಿನ ಎದೆಯ ಮಟ್ಟದಲ್ಲೇ ತೂಗಾಡುತ್ತದೆ. ಹೆದ್ದಾರಿಯ ಲಾರಿಗಳು ರಾತ್ರಿಯಲ್ಲೇ ಹೆಚ್ಚು ಓಡುವುದನ್ನು ನೆನೆದರೆ, ಮುಂಜಾನೆ ಹಾಲು ತರುವವರೂ ಶಾಲೆಯ ಮಕ್ಕಳೂ ನಡೆದು ಬರುವ ಗಾಳಿ ಯಾವುದೆಂದು ತಿಳಿಯುತ್ತದೆ. ಮಾಣಿಕನಗರದ ದತ್ತ ಜಯಂತಿಗೂ ಹುಮನಾಬಾದದ ವೀರಭದ್ರೇಶ್ವರ ಜಾತ್ರೆಗೂ ಜನ ಸಾವಿರಗಟ್ಟಲೆ ಸೇರುವುದು ಇದೇ ಚಳಿಯಲ್ಲಿ.

ಎರಡನೆಯದಾಗಿ, ಊರಿನ ಸರಾಸರಿ ಎಷ್ಟೇ ಇರಲಿ, ಎಲ್ಲರೂ ಒಂದೇ ಗಾಳಿಯನ್ನು ಉಸಿರಾಡುವುದಿಲ್ಲ. ವಯಸ್ಕನೊಬ್ಬನು ದಿನಕ್ಕೆ ಸುಮಾರು ಹನ್ನೊಂದು ಸಾವಿರ ಲೀಟರು ಗಾಳಿಯನ್ನು ಒಳಗೆಳೆಯುತ್ತಾನೆ. ಹೆದ್ದಾರಿಯ ಕೂಡುರಸ್ತೆಯಲ್ಲಿ ಹಣ್ಣಿನ ತಳ್ಳುಗಾಡಿ ನಿಲ್ಲಿಸಿಕೊಂಡವನು, ಪೆಟ್ರೋಲ್ ಪಂಪಿನ ಹುಡುಗ, ಸುಂಕದ ಕಟ್ಟೆಯ ಗೂಡಿನಲ್ಲಿ ಕುಳಿತವರು, ಸಂಚಾರ ಪೊಲೀಸಿನವರು, ಆಟೋನಗರದಲ್ಲಿ ಚಾಲೂ ಇದ್ದ ಎಂಜಿನ್ನಿನ ಮೇಲೆ ಬಾಗಿ ಕಿವಿಗೊಟ್ಟು ರೋಗ ಹುಡುಕುವ ಮಿಸ್ತ್ರಿ, ಇವರ ಹನ್ನೊಂದು ಸಾವಿರ ಲೀಟರಿಗೂ ಹೊಲದ ರೈತನ ಹನ್ನೊಂದು ಸಾವಿರ ಲೀಟರಿಗೂ ಭೇದವಿದೆ. ಸಂಜೆ ಮನೆಗೆ ಹೋಗಿ ಮುಖ ಒರೆಸಿದ ವಸ್ತ್ರವೇ ಅವರ ಪಾಲಿನ ಗಾಜಿನ ಕಾಗದ. ಆ ವಸ್ತ್ರವನ್ನು ತೂಗಿ ಅಂಕೆ ಬರೆದವರಿಲ್ಲ. ಕೆಮ್ಮು ಬಂದರೆ ಬೀಡಿಯೆಂದೋ ಧೂಳೆಂದೋ ಹಣೆಬರಹವೆಂದೋ ಹೇಳಿ ಮುಗಿಸುತ್ತೇವೆ.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. 2020ರ ಮಾರ್ಚ್ 25ರಿಂದ ದೇಶವೆಲ್ಲ ಮನೆಯೊಳಗೆ ಕುಳಿತಾಗ ಹೆದ್ದಾರಿಗಳು ಬಹುಮಟ್ಟಿಗೆ ಬರಿದಾದವು. ದಿಲ್ಲಿ, ಬೆಂಗಳೂರುಗಳಲ್ಲಿ ಸಾರಜನಕದ ಡೈಆಕ್ಸೈಡು ಎಷ್ಟು ಇಳಿಯಿತು, ಕಣಗಳು ಎಷ್ಟು ಇಳಿದವು ಎಂಬುದನ್ನು ಯಂತ್ರಗಳು ಗಂಟೆಗಂಟೆಗೂ ಬರೆದಿಟ್ಟವು. ವಿದ್ವಾಂಸರು ಅದರ ಮೇಲೆ ಪ್ರಬಂಧಗಳನ್ನು ರಚಿಸಿದರು. ವಾಹನವಿಲ್ಲದ ಊರಿನ ಗಾಳಿ ಹೇಗಿರುತ್ತದೆಂಬುದನ್ನು ತಿಳಿಯಲು ಅಂತಹ ಸಂದರ್ಭ ನೂರು ವರ್ಷಕ್ಕೊಮ್ಮೆಯೂ ಬರಲಾರದು. ನಮ್ಮ ಹಾದಿಬದಿಯ ಊರುಗಳಲ್ಲಿಯೂ ಗಾಳಿ ತಿಳಿಯಾಯಿತು, ಬೆಳಗಿನ ಆಕಾಶ ಹೊಳೆಯಿತು, ಹಿರಿಯರು ತಮ್ಮ ಬಾಲ್ಯದ ನಕ್ಷತ್ರಗಳನ್ನು ಮತ್ತೆ ಕಂಡರು. ಆದರೆ ಅದು ಮಾತಾಗಿ ಉಳಿಯಿತು. ಮಾತು ಮರೆಯುತ್ತದೆ. ಇನ್ನು ಐವತ್ತು ವರ್ಷಗಳ ಮೇಲೆ ಈ ಹೆದ್ದಾರಿಯ ಚರಿತ್ರೆ ಬರೆಯುವವನಿಗೆ ಲಾರಿಗಳ ಸಂಖ್ಯೆ ಸಿಗುತ್ತದೆ, ಸುಂಕದ ಹಣ ಸಿಗುತ್ತದೆ, ರಸ್ತೆಯ ಅಗಲ ಸಿಗುತ್ತದೆ. ಆ ರಸ್ತೆಯ ಬದಿಯಲ್ಲಿ ಬದುಕಿದವರು ಏನನ್ನು ಉಸಿರಾಡಿದರೆಂಬುದು ಸಿಗುವುದಿಲ್ಲ.

ಆಕಾಶದಿಂದ ನೋಡುವ ಉಪಗ್ರಹಗಳು ಇಂದು ಸಾರಜನಕದ ಡೈಆಕ್ಸೈಡನ್ನು ಗುರುತಿಸಬಲ್ಲವು. ಆದರೆ ಅವು ಕಾಣುವುದು ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯ ಕಂಬವನ್ನು. ಮನುಷ್ಯನ ಮೂಗು ಇರುವುದು ನೆಲದಿಂದ ಐದಡಿ ಎತ್ತರದಲ್ಲಿ. ಅಲ್ಲಿಯ ಸುದ್ದಿಯನ್ನು ಅಲ್ಲಿಯೇ ನಿಂತು ಕೇಳಬೇಕು.

ಹಾಗಾದರೆ ಆಗಬೇಕಾದುದೇನು? ಹುಮನಾಬಾದದ ಕೂಡುರಸ್ತೆಯಲ್ಲಿ ಒಂದು, ಬಸವಕಲ್ಯಾಣದ ಆಟೋನಗರದ ಬಳಿ ಒಂದು, ಎರಡೂ ಊರುಗಳಲ್ಲಿ ಹೆದ್ದಾರಿಯಿಂದ ದೂರದ ಬಡಾವಣೆಯಲ್ಲಿ ಒಂದೊಂದು, ಹೀಗೆ ನಾಲ್ಕು ಕಡೆ ಅಳತೆ ನಡೆದರೆ ಸಾಕು. ಹೆದ್ದಾರಿಯ ಬದಿಯ ಅಂಕೆಯಿಂದ ಬಡಾವಣೆಯ ಅಂಕೆಯನ್ನು ಕಳೆದಾಗ ಉಳಿಯುವುದರಲ್ಲಿ ಬಹುಪಾಲು ವಾಹನಗಳದ್ದು. ಹುಮನಾಬಾದದಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. ಎರಡೂ ಊರುಗಳಲ್ಲಿ ಸೌದೆಯ ಒಲೆಗಳಿವೆ, ಕಸ ಸುಡುವ ರೂಢಿಯಿದೆ, ರಸ್ತೆಯ ಧೂಳಿದೆ. ಎಲ್ಲ ತಪ್ಪನ್ನೂ ಲಾರಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಲಾರಿಯ ತಪ್ಪನ್ನು ಒಲೆಯ ಮೇಲೆ ಹೊರಿಸುವುದೂ ಅಲ್ಲ. ಯಾರ ಪಾಲು ಎಷ್ಟೆಂದು ಬಿಡಿಸಿ ಹೇಳುವುದೇ ಅಳತೆಯ ಧರ್ಮ. 2011ರಲ್ಲಿ ಪ್ರಕಟವಾದ ಆರು ನಗರಗಳ ಅಧ್ಯಯನದಲ್ಲಿ ಬೆಂಗಳೂರಿಗೂ ಪುಣೆಗೂ ಈ ವಿಂಗಡಣೆ ದೊರೆತಿದೆ. ಸರಕಾರದ ಪೂರ್ಣ ಕೇಂದ್ರ ಬರುವುದು ತಡವಾದರೆ, ಪದವಿ ಕಾಲೇಜುಗಳ ವಿಜ್ಞಾನ ವಿಭಾಗಗಳು ಕಡಿಮೆ ಬೆಲೆಯ ಸಂವೇದಕಗಳಿಂದಲಾದರೂ ಕೆಲಸ ಆರಂಭಿಸಬಹುದು. ಅವುಗಳ ಅಂಕೆ ಅಷ್ಟು ನಿಖರವಲ್ಲ, ಕಲಬುರಗಿಯ ಕೇಂದ್ರದ ಪಕ್ಕದಲ್ಲಿ ಕೆಲವು ದಿನ ಇಟ್ಟು ಹೊಂದಿಸಿಕೊಳ್ಳಬೇಕಾಗುತ್ತದೆ. ಆದರೂ ಜಾತ್ರೆಯ ದಿನಕ್ಕೂ ಸಾಮಾನ್ಯ ದಿನಕ್ಕೂ, ಪುಷ್ಯದ ಮುಂಜಾನೆಗೂ ವೈಶಾಖದ ಮಧ್ಯಾಹ್ನಕ್ಕೂ ಇರುವ ಅಂತರವನ್ನು ಅವು ತೋರಿಸಬಲ್ಲವು. ಮಿಸ್ತ್ರಿಗಳ ಗುಡಾರದಲ್ಲಿ ಎಂಜಿನ್ನಿನ ಕೊಳವೆಗೆ ಉದ್ದನೆಯ ನಳಿಗೆಯೊಂದನ್ನು ಜೋಡಿಸಿ ಹೊಗೆಯನ್ನು ಹೊರಕ್ಕೆ ಬಿಡುವ ಸಣ್ಣ ಏರ್ಪಾಟು, ನಿಂತ ಲಾರಿಯ ಎಂಜಿನ್ನನ್ನು ಆರಿಸುವ ಅಭ್ಯಾಸ, ಇವಕ್ಕೆ ಯಾವ ಅಂಕೆಯನ್ನೂ ಕಾಯಬೇಕಾಗಿಲ್ಲ.

ಅಂಕೆ ಬಂದೊಡನೆ ಗಾಳಿ ಶುದ್ಧವಾಗುವುದಿಲ್ಲವೆಂದು ನಾನು ಬಲ್ಲೆ. ದಿಲ್ಲಿಯಲ್ಲಿ ಅಂಕೆಗಳಿಗೆ ಬರವಿಲ್ಲ, ಹೊಗೆಗೂ ಬರವಿಲ್ಲ. ಆದರೆ ಅಂಕೆಯಿರುವ ಊರಿನ ಜನ ನ್ಯಾಯಾಲಯಕ್ಕೆ ಹೋಗಬಲ್ಲರು, ಸಭೆಯಲ್ಲಿ ಕೇಳಬಲ್ಲರು, ಈ ವರ್ಷಕ್ಕಿಂತ ಹೋದ ವರ್ಷ ವಾಸಿಯಾಗಿತ್ತೆಂದು ವಾದಿಸಬಲ್ಲರು. ಅಂಕೆಯಿಲ್ಲದ ಊರಿನವರಿಗೆ ದೂರುವುದೊಂದೇ ಉಳಿಯುತ್ತದೆ, ದೂರಿಗೆ ಪುರಾವೆ ಕೇಳಿದರೆ ಅವರು ಸುಮ್ಮನಾಗಬೇಕು.

ಚಾಲುಕ್ಯರ ಕಾಲದಲ್ಲಿ ಒಂದು ಹೇರಿನ ಸುಂಕವನ್ನು ಊರ ಕೆರೆಗೆ ಬಿಟ್ಟರೆ ಅದನ್ನು ಎಲ್ಲರೂ ಓದುವಂತೆ ಕಲ್ಲಿನಲ್ಲಿ ಬರೆಯುತ್ತಿದ್ದರು. ಇಂದು ಅಷ್ಟು ಶ್ರಮ ಬೇಡ. ಬಸ್ ನಿಲ್ದಾಣದ ಗೋಡೆಯ ಮೇಲೆ, ಬಸ್ಸುಗಳ ವೇಳಾಪಟ್ಟಿಯ ಪಕ್ಕದಲ್ಲಿ, ಒಂದು ಕರಿಹಲಗೆ ಸಾಕು. ವಾರಕ್ಕೆ ಎರಡು ಸಲ ಅದರ ಮೇಲೆ ಗಾಳಿಯ ಅಂಕೆಯನ್ನು ಸುಣ್ಣದ ಕಡ್ಡಿಯಲ್ಲಿ ಬರೆಯಲಿ. ವರ್ಷದ ಕೊನೆಗೆ 104 ಅಂಕೆಗಳಾಗುತ್ತವೆ. ಅವು ಒಳ್ಳೆಯವೋ ಕೆಟ್ಟವೋ, ಆ ಮಾತನ್ನು ಆಮೇಲೆ ಆಡೋಣ.